ಹಾಸ್ಟೆಲ್ಲಲ್ಲಿರೋ ಮಗನಿಗೆ ಪ್ರೀಪೇಯ್ಡ್ ಕಾರ್ಡ್ ಕೊಡ್ಸೋದಾ, ಬ್ಯಾಂಕ್ ಖಾತೆ ಮಾಡ್ಸೋದಾ?

ಅರಸೀಕೆರೆ_ತೆಂಗು
ಎಲ್ಲರಿಗೂ ನಮಸ್ಕಾರ. ಮಗ ಈ ವರ್ಷ ಎಸ್ಸೆಸ್ಸೆಲ್ಸಿ ಮುಗಿಸಿ ಕರಾವಳಿ ಕಡೆ ಒಂದು ಪಿಯು ಕಾಲೇಜಿಗೆ ಸೇರಿದ್ದಾನೆ. ಹಾಸ್ಟೆಲ್. ವಯಸ್ಸು 16. ಅಲ್ಲಿ ಮೊಬೈಲ್ ಇಟ್ಕೊಳ್ಳೋ ಹಾಗಿಲ್ಲ. ವಾರಕ್ಕೊಂದು ಸಲ ವಾರ್ಡನ್ ಫೋನಿಂದ ಮಾತಾಡಿಸ್ತಾರೆ, ಅಷ್ಟೇ.

ಸೇರಿಸಿ ಬರೋವಾಗ ಕೈಗೆ ₹3,000 ಕೊಟ್ಟು ಬಂದಿದ್ದೆ. ಟ್ರಂಕಿನೊಳಗೆ ಜಾಮಿಟ್ರಿ ಬಾಕ್ಸಲ್ಲಿ ಇಟ್ಟಿದ್ದನಂತೆ. ಹದಿನೈದು ದಿನಕ್ಕೆ ₹1,200 ಮಾಯ. ಯಾರು ತಗೊಂಡ್ರೋ ಗೊತ್ತಿಲ್ಲ ಅಂತಾನೆ. ಈಗ ರೂಮಿನ ಹುಡುಗನ ಹತ್ರ ಪ್ರೀಪೇಯ್ಡ್ ಕಾರ್ಡ್ ನೋಡಿದ್ದಾನೆ. ಮೇಲೆ ನಂಬರೂ ಇಲ್ಲದ ಕಪ್ಪು ಕಾರ್ಡಂತೆ. "ಅಪ್ಪ ನೀನು ಎಷ್ಟು ಹಾಕ್ತೀಯೋ ಅಷ್ಟೇ ಖರ್ಚಾಗೋದು, ನನಗೂ ಅದೇ ಬೇಕು" ಅಂತ ಒಂದೇ ಹಠ. ನಮ್ಮ ಮನೆಯವರು "ಅದ್ಯಾವುದೂ ಬೇಡ, ಬ್ಯಾಂಕಲ್ಲಿ ಅವನ ಹೆಸರಿಗೆ ಪಾಸ್‌ಬುಕ್ ಮಾಡ್ಸಿ, ಎಟಿಎಂ ಕಾರ್ಡ್ ಕೊಡಿಸಿ" ಅಂತಾರೆ.

ನನಗೆ ಗೊತ್ತಾಗಬೇಕಿರೋದು: ಪ್ರೀಪೇಯ್ಡ್ ಕಾರ್ಡಿಗೂ ಡೆಬಿಟ್ ಕಾರ್ಡಿಗೂ ನಿಜವಾದ ವ್ಯತ್ಯಾಸ ಏನು? ಅದರೊಳಗೆ ಹಾಕಿದ ದುಡ್ಡು ಭದ್ರವಾ? ಕಾರ್ಡ್ ಕಳೆದ್ರೆ ಗತಿ ಏನು? ಅನುಭವ ಇದ್ದೋರು ಹೇಳಿ.

ಜಯನಗರ_4ನೇ_ಬ್ಲಾಕ್
ಕಣ್ಮುಚ್ಕೊಂಡು ತಗೊಳ್ಳಿ ಸಾರ್. ನನ್ನ ಮಗಳ ಹತ್ರ ಒಂದೂವರೆ ವರ್ಷದಿಂದ ಇದೆ. ತಿಂಗಳಿಗೆ ₹1,500 ಹಾಕ್ತೀನಿ, ಮುಗಿದ್ರೆ ಮುಗೀತು, ಮುಂದಿನ ಒಂದನೇ ತಾರೀಖಿನ ತನಕ ಜಪ ಮಾಡ್ಕೊಂಡಿರು ಅಂತ. ಎಲ್ಲೆಲ್ಲಿ ಖರ್ಚಾಯ್ತು ಅಂತ ನನ್ನ ಫೋನಿಗೂ ಬರುತ್ತೆ. ಹೋದ ತಿಂಗಳು ಒಂದೇ ವಾರದಲ್ಲಿ ನಾಲ್ಕು ಸಲ ಬಬಲ್ ಟೀ!! ಕೇಳಿದ್ರೆ "ಫ್ರೆಂಡ್ಸ್‌ದೂ ಸೇರಿ" ಅಂತೆ.

ತುಂಟ_ತಿಮ್ಮ
ದುಡ್ಡನ್ನ ಜಾಮಿಟ್ರಿ ಬಾಕ್ಸಲ್ಲಿ ಇಟ್ರೆ ಲೆಕ್ಕ ಸರಿಯಾಗಿರಬೇಕಿತ್ತಲ್ಲ. ಎಲ್ಲೋ ಕೋನ ತಪ್ಪಿದೆ.

ನಿವೃತ್ತ_ಕ್ಯಾಷಿಯರ್
ತೆಂಗಿನವರೇ, ಕೌಂಟರಿನಲ್ಲಿ 34 ವರ್ಷ ಕೂತವನು ನಾನು, ಸ್ವಲ್ಪ ಉದ್ದ ಬರೆಯುತ್ತೇನೆ, ಸಹಿಸಿಕೊಳ್ಳಿ.

ಡೆಬಿಟ್ ಕಾರ್ಡ್ ಅಂದರೆ ನಿಮ್ಮ ಉಳಿತಾಯ ಖಾತೆಯ ಬಾಗಿಲಿನ ಬೀಗದ ಕೈ. ಹಣ ಖಾತೆಯಲ್ಲಿ ಇರುತ್ತದೆ, ಕಾರ್ಡ್ ಬರೀ ಕೈ. ಪ್ರೀಪೇಯ್ಡ್ ಕಾರ್ಡಿಗೆ ಹಿಂದೆ ಉಳಿತಾಯ ಖಾತೆ ಇಲ್ಲ. ಮುಂಚೆಯೇ ಹಣ ತುಂಬಿ ಇಟ್ಟುಕೊಳ್ಳುವ ಚೀಲ ಅದು. ಫೋನಿನ ವಾಲೆಟ್, ಗಿಫ್ಟ್ ಕಾರ್ಡ್, ಮೆಟ್ರೊ ಕಾರ್ಡ್ ಎಲ್ಲವೂ ಇದೇ ಜಾತಿ. ರಿಸರ್ವ್ ಬ್ಯಾಂಕ್ ಇವಕ್ಕೆಲ್ಲ ಇಟ್ಟ ಹೆಸರು ಪಿಪಿಐ (ಪ್ರೀಪೇಯ್ಡ್ ಪೇಮೆಂಟ್ ಇನ್‌ಸ್ಟ್ರುಮೆಂಟ್), ನಿಯಮ 2021ರ ಆಗಸ್ಟ್‌ನ ನಿರ್ದೇಶನದಲ್ಲಿದೆ. ಆ ನಿಯಮದ ಪ್ರಕಾರ ಅದರಲ್ಲಿರುವ ಹಣಕ್ಕೆ ಬಡ್ಡಿ ಕೊಡುವಂತಿಲ್ಲ. ಸಾವಿರ ರೂಪಾಯಿಗೆ ಬಡ್ಡಿ ಎಷ್ಟು ಬಂದೀತು ಅನ್ನಬಹುದು, ಸರಿ. ಆದರೆ ಎರಡನೆಯ ಮಾತು ದೊಡ್ಡದು. ಬ್ಯಾಂಕಿನ ಠೇವಣಿಗೆ ₹5 ಲಕ್ಷದವರೆಗೆ ವಿಮೆ ಇದೆ. ಬ್ಯಾಂಕಲ್ಲದ ಕಂಪನಿಯ ಕಾರ್ಡಿಗೆ ನೀವು ಹಾಕಿದ ಹಣ ನಿಮ್ಮ ಹೆಸರಿನ ಠೇವಣಿ ಅಲ್ಲ. ಕಂಪನಿ ಅದನ್ನು ಒಂದು ಬ್ಯಾಂಕಿನ ಎಸ್ಕ್ರೋ ಖಾತೆಯಲ್ಲಿ ಇಡಬೇಕು, ಸ್ವಂತ ಖರ್ಚಿಗೆ ಮುಟ್ಟುವಂತಿಲ್ಲ. ಅಷ್ಟು ಕಾವಲು ಇದೆ, ವಿಮೆ ಇಲ್ಲ.

ನಿಮ್ಮ ಮನೆಯವರ ಮಾತೇ ಸರಿ. 10 ವರ್ಷ ದಾಟಿದ ಮಕ್ಕಳು ಸ್ವತಃ ಖಾತೆ ನಡೆಸಬಹುದು ಎಂದು ರಿಸರ್ವ್ ಬ್ಯಾಂಕ್ 2025ರ ಏಪ್ರಿಲ್‌ನಲ್ಲಿ ಅನುಮತಿ ಕೊಟ್ಟಿದೆ.

ಸಾಫ್ಟ್‌ವೇರ್_ಸೀನ
ಕ್ಯಾಷಿಯರ್ ಸಾರ್, ಬಹುತೇಕ ಒಪ್ಪಿದೆ, ಒಂದು ತಿದ್ದುಪಡಿ. 10 ದಾಟಿದೋರಿಗೆ ಖಾತೆ ಅನ್ನೋದು 2025ರದ್ದಲ್ಲ, 2014ರಲ್ಲೇ ಇತ್ತು. 2025ರಲ್ಲಿ ಹಳೇ ಸೂಚನೆಗಳನ್ನೆಲ್ಲ ಒಟ್ಟು ಮಾಡಿ ಮತ್ತೆ ಹೊರಡಿಸಿ, ಜುಲೈ 1ರೊಳಗೆ ನಿಮ್ಮ ನಿಯಮ ಸರಿಪಡಿಸ್ಕೊಳ್ಳಿ ಅಂತ ಬ್ಯಾಂಕುಗಳಿಗೆ ಹೇಳಿದ್ರು. ಆದ್ರೆ ಕಾರ್ಡ್ ಕೊಡೋದು, ಎಷ್ಟು ಮಿತಿ ಹಾಕೋದು, ಇದೆಲ್ಲ ಆಯಾ ಬ್ಯಾಂಕಿಗೆ ಬಿಟ್ಟಿದ್ದು. ಅದಕ್ಕೇ ಒಂದು ಶಾಖೆಯಲ್ಲಿ "ಆಗುತ್ತೆ" ಅಂತಾರೆ, ಪಕ್ಕದ ಬೀದಿಯ ಇನ್ನೊಂದು ಬ್ಯಾಂಕಲ್ಲಿ "ಆಗಲ್ಲ" ಅಂತಾರೆ. ಓವರ್‌ಡ್ರಾಫ್ಟ್ ಮಾತ್ರ ಯಾರೂ ಕೊಡೋ ಹಾಗಿಲ್ಲ, ಅಂದ್ರೆ ಖಾತೆಯಲ್ಲಿ ಇದ್ದಷ್ಟೇ ಹೋಗೋದು.

ಅಲ್ಲಿಗೆ ಹುಡುಗ ಹೇಳಿದ ಒಂದೇ ಲಾಭ, "ಹಾಕಿದಷ್ಟೇ ಖರ್ಚಾಗೋದು", ಅದೂ ಹೋಯ್ತು. ಮಗನ ಹೆಸರಿನ ಖಾತೆಗೆ ತಿಂಗಳಿಗೆ ₹1,500 ಹಾಕಿದ್ರೂ ಅಷ್ಟೇ ಖರ್ಚಾಗೋದು.

ನಿವೃತ್ತ_ಕ್ಯಾಷಿಯರ್
ಸೀನಪ್ಪ, ತಿದ್ದಿದ್ದು ಸರಿ. 2014ರದ್ದು ನಾನು ಮರೆತೇಬಿಟ್ಟಿದ್ದೆ, ವಯಸ್ಸಾಯಿತು.

ಜಯನಗರ_4ನೇ_ಬ್ಲಾಕ್
ಪ್ರೀಪೇಯ್ಡ್ ಕಾರ್ಡ್ ಮನೇಲೇ ಕೂತು ಹತ್ತು ನಿಮಿಷದಲ್ಲಿ ಆಗುತ್ತೆ. ಬ್ಯಾಂಕಿಗೆ ಹೋದ್ರೆ ಬೆಳಿಗ್ಗೆಯಿಂದ "ಸರ್ವರ್ ಡೌನ್", ಮಧ್ಯಾಹ್ನ ಊಟ, ಆಮೇಲೆ "ಮೇಡಂ ರಜೆ, ನಾಳೆ ಬನ್ನಿ". ಇದನ್ನ ಯಾರೂ ಲೆಕ್ಕಕ್ಕೇ ತಗೊಳ್ಳಲ್ಲ.

ತುಂಟ_ತಿಮ್ಮ
ಮೇಡಂ ರಜೆ ಅನ್ನೋದು ಸಾರ್ವಕಾಲಿಕ ಸತ್ಯ.

ಕುಡ್ಲದ_ಕಡಲು
ಅಣ್ಣ, ನಾನು ಇದೇ ಕರಾವಳಿ ಕಡೆಯವಳು. ಇಲ್ಲಿನ ಹೆಚ್ಚಿನ ಹಾಸ್ಟೆಲಿನಲ್ಲಿ ಮೊಬೈಲ್ ಬಿಡುದೇ ಇಲ್ಲ. ನೀವೆಲ್ಲ ಬಡ್ಡಿ, ವಿಮೆ ಅಂತ ಎಂತೆಂತದೋ ಮಾತಾಡ್ತಾ ಇದ್ದೀರಿ. ಮೊದಲು ಒಂದು ಫೋನ್ ಮಾಡಿ ವಾರ್ಡನ್ ಹತ್ರ ಕೇಳಿ, ಕ್ಯಾಂಟೀನಿನಲ್ಲಿ ಕಾರ್ಡ್ ಉಜ್ಜುವ ಮೆಷಿನ್ ಉಂಟಾ ಅಂತ. ಈಗ ಎಲ್ಲ ಅಂಗಡಿಯಲ್ಲಿ ಕ್ಯೂಆರ್ ಅಂಟಿಸಿ ಬಿಟ್ಟಿದ್ದಾರೆ ಮಾರಾಯ್ರೆ. ಮೆಷಿನ್ ಇಟ್ಟುಕೊಂಡವರು ಬಟ್ಟೆ ಅಂಗಡಿ, ಮೆಡಿಕಲ್, ಸೂಪರ್ ಮಾರ್ಕೆಟ್ ಮಾತ್ರ. ಕೈಯಲ್ಲಿ ಫೋನ್ ಇಲ್ಲದ ಹುಡುಗ ಕ್ಯೂಆರ್ ಎದುರು ಕಾರ್ಡ್ ಹಿಡ್ಕೊಂಡು ನಿಂತರೆ ಎಂತ ಬರ್ತದೆ?

ನನ್ನ ತಮ್ಮನ ಕಾಲೇಜಿನಲ್ಲಿ ಕ್ಯಾಂಟೀನಿಗೆ ಅವರದ್ದೇ ಒಂದು ಕಾರ್ಡ್ ಇತ್ತು. ಆಫೀಸಿನಲ್ಲಿ ದುಡ್ಡು ಕಟ್ಟಿ ತುಂಬಿಸುದು. ಅದು ಬಿಟ್ರೆ ಗೇಟಿನ ಹೊರಗಿನ ಜೆರಾಕ್ಸ್ ಅಂಗಡಿ, ಅಲ್ಲಿ ನಗದೇ.

ಅರಸೀಕೆರೆ_ತೆಂಗು
ಅಯ್ಯೋ ಇದು ನನ್ನ ತಲೆಗೇ ಹೊಳೀಲಿಲ್ಲ ತಂಗಿ. ನಾಳೆನೇ ಕೇಳ್ತೀನಿ.

ಸಾಫ್ಟ್‌ವೇರ್_ಸೀನ
ಕಡಲು ಅವರದ್ದು ಸರಿಯಾದ ಪ್ರಶ್ನೆ. ಅದರ ಜೊತೆಗೆ ಇನ್ನೊಂದು, ಇದು ನನ್ನ ಕೆಲಸದ ವಿಷಯ (ಪೇಮೆಂಟ್ ಕಂಪನಿಯೊಂದರಲ್ಲಿ ಕೋಡ್ ಬರೀತೀನಿ, ಯಾವುದು ಅಂತ ಕೇಳಬೇಡಿ). ಓಟಿಪಿ ಯಾರ ಫೋನಿಗೆ ಬರುತ್ತೆ?

ಮಕ್ಕಳಿಗೆ ಅಂತ ಇರೋ ಪ್ರೀಪೇಯ್ಡ್ ಕಾರ್ಡುಗಳು ಕೆಲಸ ಮಾಡೋದು ಮಗುವಿನ ಕೈಯಲ್ಲೂ ಒಂದು ಫೋನ್ ಇದೆ ಅನ್ನೋ ಲೆಕ್ಕದಲ್ಲಿ. ಆ್ಯಪ್ ಅವನ ಫೋನಲ್ಲಿ, ಕಾರ್ಡ್ ಲಾಕ್ ಮಾಡೋದು ಅದರಲ್ಲಿ, ನಂಬರಿಲ್ಲದ ಕಾರ್ಡಿನ ನಂಬರ್ ಕಾಣೋದೂ ಅದರಲ್ಲಿ. ಫೋನೇ ಇಲ್ಲ ಅಂದ್ಮೇಲೆ ಅದು ಬರೀ ಪ್ಲಾಸ್ಟಿಕ್. ಅದೇ ಬ್ಯಾಂಕ್ ಖಾತೆಗೆ ನಿಮ್ಮ ಮೊಬೈಲ್ ನಂಬರ್ ಕೊಟ್ರಿ ಅನ್ಕೊಳ್ಳಿ. ಅವನು ಎಟಿಎಮ್ಮಲ್ಲಿ ತೆಗೆದ್ರೂ ನಿಮಗೆ ಮೆಸೇಜು, ಆನ್‌ಲೈನಲ್ಲಿ ಏನಾದ್ರೂ ತಗೊಳ್ಳೋಕೆ ಹೋದ್ರೂ ಓಟಿಪಿ ನಿಮ್ಮ ಜೇಬಲ್ಲಿ ಟಿಣ್ ಅನ್ನುತ್ತೆ.

ಇನ್ನೂ ಒಂದಿದೆ. 2020ರ ಅಕ್ಟೋಬರ್ 1ರಿಂದ ಹೊಸ ಡೆಬಿಟ್ ಕಾರ್ಡ್ ಬಂದಾಗ ಎಟಿಎಂ ಮತ್ತೆ ಅಂಗಡಿ ಮೆಷಿನ್ ಎರಡಕ್ಕೇ ಚಾಲೂ ಇರುತ್ತೆ. ಆನ್‌ಲೈನ್, ವಿದೇಶ, ಟ್ಯಾಪ್ ಮಾಡೋದು, ಇವೆಲ್ಲ ನಾವಾಗಿ ಆನ್ ಮಾಡಿದ್ರೆ ಮಾತ್ರ. ಮಿತಿಯನ್ನೂ ನಾವೇ ಹಾಕ್ಬಹುದು. ದಿನಕ್ಕೆ ₹500 ಅಂತ ಇಟ್ಟು ಕೈ ಬಿಡಿ. ಟ್ಯಾಪ್ ಮಾತ್ರ ಆನ್ ಮಾಡ್ಲೇಬೇಡಿ, ₹5,000 ತನಕ ಪಿನ್ ಕೇಳಲ್ಲ ಅದು. ಜಾಮಿಟ್ರಿ ಬಾಕ್ಸ್ ಕಥೆ ಕೇಳಿದ ಮೇಲಂತೂ ಬೇಡವೇ ಬೇಡ.

ಧಾರವಾಡ_ಫೇಡೆ
ಏನ್ರಿಪಾ ನೀವು, 16 ವರ್ಷದ ಹುಡುಗಗ ದಿನಕ್ಕ ₹500 ಲಿಮಿಟ್ ಹಾಕ್ರಿ ಅಂತೀರಲಾ! ನಾವು ಹಾಸ್ಟೆಲ್‌ನ್ಯಾಗ ಇದ್ದಾಗ ತಿಂಗಳಿಗೆ ₹200 ಬರ್ತಿತ್ತು. ಅದ್ರಾಗ ಗಿರ್ಮಿಟ್, ಮಿರ್ಚಿ, ಸಿನಿಮಾ ಎಲ್ಲಾ ಮುಗಸಿ ₹10 ಉಳಸ್ತಿದ್ವಿ.

ಸಾಫ್ಟ್‌ವೇರ್_ಸೀನ
ಅಣ್ಣಾ ಅದು ಯಾವ ಇಸವಿ ಅಂತನೂ ಹೇಳಿ.

ಧಾರವಾಡ_ಫೇಡೆ
1994. ಬ್ಯಾರೆ ಏನ್ ಕೇಳ್ಬ್ಯಾಡ್ರಿ.

ಮಲ್ಲಿಗೆ_ಮೊಗ್ಗು
ನಾನು ಪ್ರೀಪೇಯ್ಡ್ ಪರವಾಗಿ ಒಂದು ಮಾತು ಹೇಳ್ತೀನಿ, ಎಲ್ಲರೂ ಬೈತಿರೋದು ನೋಡಿ.

ನನ್ನ ಸಂಬಳದ ಖಾತೆಯ ಡೆಬಿಟ್ ಕಾರ್ಡನ್ನ ನಾನು ಯಾವ ವೆಬ್‌ಸೈಟಿಗೂ ಕೊಡಲ್ಲ. ಎರಡು ವರ್ಷದ ಹಿಂದೆ ಸೀರೆ ಪುಟ ಒಂದು, ಬನಾರಸಿ ₹899 ಅಂತ ಇನ್‌ಸ್ಟಾಗ್ರಾಮಲ್ಲಿ ಬಂದಿತ್ತು. ಕಾರ್ಡ್ ನಂಬರ್ ಹಾಕಿದೆ, ಓಟಿಪಿ ಹಾಕಿದೆ. ಸೀರೆಯೂ ಇಲ್ಲ ಪುಟವೂ ಇಲ್ಲ. ಆವತ್ತು ನಾನು ಹಾಕಿದ್ದು ಪ್ರೀಪೇಯ್ಡ್ ಕಾರ್ಡು, ಅದರಲ್ಲಿದ್ದದ್ದು ₹1,000. ಅಷ್ಟರಲ್ಲೇ ಮುಗೀತು. ಮತ್ತೆ ₹101 ಇತ್ತು, ಅದರಲ್ಲಿ ಕಾಫಿ ಕುಡಿದೆ. ಸಂಬಳದ ಕಾರ್ಡಾಗಿದ್ರೆ ರಾತ್ರಿಯೆಲ್ಲ ನಿದ್ದೆ ಬರ್ತಿರ್ಲಿಲ್ಲ.

ಖರ್ಚಿನ ದುಡ್ಡನ್ನ ಬೇರೆ ಇಟ್ಕೊಳ್ಳೋಕೆ, ಗೊತ್ತಿಲ್ಲದ ಸೈಟಲ್ಲಿ ಕೊಳ್ಳೋಕೆ ಇದು ಒಳ್ಳೇದೇ.

ನಿವೃತ್ತ_ಕ್ಯಾಷಿಯರ್
ಮೊಗ್ಗಮ್ಮ, ಒಪ್ಪುತ್ತೇನೆ. ಆದರೆ ಅದೇ ಕೆಲಸವನ್ನು ಇನ್ನೊಂದು ಬ್ಯಾಂಕಿನ ಜೀರೋ ಬ್ಯಾಲೆನ್ಸ್ ಖಾತೆಯೂ ಮಾಡುತ್ತದೆ. ಬಿಎಸ್‌ಬಿಡಿ ಖಾತೆ ಎಂದು ಕೇಳಿ. ಮಿನಿಮಮ್ ಬ್ಯಾಲೆನ್ಸ್ ಇಲ್ಲ, ಎಟಿಎಂ ಕಾರ್ಡಿಗೆ ವಾರ್ಷಿಕ ಶುಲ್ಕ ಇಲ್ಲ, ತಿಂಗಳಿಗೆ ಕನಿಷ್ಠ 4 ಸಲ ಹಣ ತೆಗೆಯಲು ಶುಲ್ಕ ಇಲ್ಲ. ಒಂದು ಷರತ್ತು, ಅದೇ ಬ್ಯಾಂಕಿನಲ್ಲಿ ಬೇರೆ ಉಳಿತಾಯ ಖಾತೆ ಇರಬಾರದು. ನಮ್ಮ ಶಾಖೆಯಲ್ಲಿ ಇದನ್ನು ಕೇಳಿ ಬಂದವರನ್ನು "ಅದು ಬಡವರಿಗೆ" ಎಂದು ವಾಪಸ್ ಕಳಿಸುತ್ತಿದ್ದರು. ಹಾಗೇನೂ ನಿಯಮದಲ್ಲಿ ಇಲ್ಲ, ಯಾರು ಬೇಕಾದರೂ ತೆರೆಯಬಹುದು. ನಾನು ಎದ್ದು ಹೋಗಿ ಜಗಳ ಮಾಡಿದ್ದೂ ಉಂಟು.

ಬೀದಿಬದಿ_ಬಸವಣ್ಣ
ನಾನು ಎಳನೀರು ಮಾರ್ತೀನಿ, ಬೆಂಗಳೂರಲ್ಲಿ. ಎರಡು ಖಾತೆ ಇಟ್ಕೊಂಡಿದ್ದೀನಿ. ಕ್ಯೂಆರ್ ದುಡ್ಡು ಬೀಳೋದು ಒಂದಕ್ಕೆ, ರಾತ್ರಿ ಮನೆಗೆ ಹೋಗಿ ಇನ್ನೊಂದಕ್ಕೆ ಹಾಕ್ಕೋತೀನಿ. ಯಾರೋ ಎಲ್ಲೋ ಮೋಸದ ದುಡ್ಡಲ್ಲಿ ಎಳನೀರು ಕುಡಿದ್ರೆ ನನ್ನ ಖಾತೆ ಲಾಕ್ ಆಗುತ್ತೆ ಅಂತ ಪಕ್ಕದ ಗಾಡಿಯವನಿಗೆ ಆದದ್ದು ನೋಡಿದ್ದೆ. ಪ್ರೀಪೇಯ್ಡ್ ಗೀಪೇಯ್ಡ್ ಬೇಕಾಗಿಲ್ಲ, ಎರಡು ಖಾತೆ ಸಾಕು.

ಜಯನಗರ_4ನೇ_ಬ್ಲಾಕ್
ಬಸವಣ್ಣ ಅವರೇ, ಯಾವ ಏರಿಯಾ? ನಮ್ಮ ಕಡೆ ಎಳನೀರು ₹70 ಆಗಿದೆ 😭

ಬೀದಿಬದಿ_ಬಸವಣ್ಣ
ಅಮ್ಮ, ತೆಂಗಿನವರನ್ನ ಕೇಳಿ, ಅರಸೀಕೆರೆಯಿಂದಲೇ ಬರೋದು.

ಅರಸೀಕೆರೆ_ತೆಂಗು
ನಾವು ಕೊಡೋ ರೇಟು ಹೇಳಿದ್ರೆ ಎಲ್ಲರಿಗೂ ಎದೆ ಒಡೆಯುತ್ತೆ, ಬಿಡಿ. ಕಾರ್ಡಿನ ವಿಷಯಕ್ಕೆ ಬನ್ನಿ.

ರೂಮ್‌_ನಂಬರ್_12
ಪ್ರೀಪೇಯ್ಡ್ ಕಾರ್ಡ್ ಉಪಯೋಗಿಸಿದ್ರೆ ಸಿಬಿಲ್ ಸ್ಕೋರ್ ಬೆಳೆಯುತ್ತೆ ಅಂತ ಒಬ್ಬ ಯೂಟ್ಯೂಬಲ್ಲಿ ಹೇಳ್ತಿದ್ದ. ನಿಜಾನಾ?

ಸಾಫ್ಟ್‌ವೇರ್_ಸೀನ
ಇಲ್ಲ. ನಿಮ್ಮ ದುಡ್ಡನ್ನ ನೀವೇ ಖರ್ಚು ಮಾಡೋದಕ್ಕೆ ಸ್ಕೋರ್ ಯಾಕೆ ಬರುತ್ತೆ? ಸಾಲ ತಗೊಂಡು ಕಟ್ಟಿದ್ರೆ ಮಾತ್ರ ಅಲ್ಲಿಗೆ ವರದಿ ಹೋಗೋದು.

ಅರ್ಧ_ಇಎಂಐ
ಇಲ್ಲಿ ನನ್ನದೊಂದು ಕಥೆ ಇದೆ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಂದು ಕಾರ್ಡ್ ತಗೊಂಡಿದ್ದೆ. ಹೆಸರು ಬೇಡ. ಹೊರಗಿಂದ ನೋಡೋಕೆ ಪ್ರೀಪೇಯ್ಡ್ ಕಾರ್ಡು, ಒಳಗೆ ತುಂಬ್ತಿದ್ದದ್ದು ಸಾಲ. ಉಜ್ಜಿದ ತಕ್ಷಣ ಕಂಪನಿಯ ಸಾಲದ ದುಡ್ಡು ಕಾರ್ಡಿಗೆ ಬಂದು ಅಲ್ಲಿಂದ ಅಂಗಡಿಗೆ ಹೋಗ್ತಿತ್ತು. ನನಗೆ ಅದು ಸಾಲ ಅಂತ ಅನ್ನಿಸ್ತಾನೇ ಇರ್ಲಿಲ್ಲ, ಮೂರು ಕಂತಲ್ಲಿ ಕಟ್ಟು ಅಂತಿತ್ತು, ಕಟ್ತಿದ್ದೆ. 2022ರ ಜೂನ್ 20ಕ್ಕೆ ರಿಸರ್ವ್ ಬ್ಯಾಂಕ್ ಬ್ಯಾಂಕೇತರ ಕಂಪನಿಗಳಿಗೆ ಪತ್ರ ಬರೀತು, ಪ್ರೀಪೇಯ್ಡ್‌ಗೆ ಸಾಲದ ಖಾತೆಯಿಂದ ತುಂಬೋ ಹಾಗಿಲ್ಲ, ಈಗಲೇ ನಿಲ್ಲಿಸಿ ಅಂತ. ಸ್ವಲ್ಪ ದಿನಕ್ಕೆ ಹೋಟೆಲಲ್ಲಿ ಐದು ಜನ ಸ್ನೇಹಿತರನ್ನ ಕೂರಿಸ್ಕೊಂಡು ಬಿಲ್ ಕೊಡೋಕೆ ಹೋದ್ರೆ ಕಾರ್ಡ್ ಸತ್ತಿದೆ. ಆಮೇಲೆ ಸಾಲದ ಲೆಕ್ಕ ಇಡೋ ಸಿಬಿಲ್ ಥರದ ಬ್ಯೂರೋದಲ್ಲಿ ನೋಡಿದ್ರೆ ನನ್ನ ಹೆಸರಲ್ಲಿ ಸಣ್ಣ ಸಣ್ಣ ಸಾಲ 17! ಪ್ರತಿ ಬಿರಿಯಾನಿಗೂ ಒಂದು.

ಆದ್ದರಿಂದ ತೆಂಗು ಸಾರ್, ಕಾರ್ಡ್ ತಗೊಳ್ಳೋದಾದ್ರೆ ಅದರೊಳಗೆ ದುಡ್ಡು ಎಲ್ಲಿಂದ ಬರುತ್ತೆ ಅಂತ ಮೊದಲು ನೋಡಿ.

ತುಂಟ_ತಿಮ್ಮ
ಬಿರಿಯಾನಿಗೆ ಕಂತು. ಮೊಟ್ಟೆಗೆ ಒಂದು, ಪೀಸಿಗೆ ಒಂದು, ರಾಯ್ತಾಕ್ಕೆ ಒಂದು.

ಕುಡ್ಲದ_ಕಡಲು
ಶುಲ್ಕದ ಬಗ್ಗೆ ಯಾರೂ ಹೇಳಲೇ ಇಲ್ಲ ಅಲ್ಲ? ನನ್ನ ಅಕ್ಕನ ಮಗನಿಗೆ ತಗೊಂಡದ್ದು, "ಉಚಿತ ಕಾರ್ಡ್" ಅಂತ ಜಾಹೀರಾತು. ಆ್ಯಪ್ ಉಚಿತ, ಪ್ಲಾಸ್ಟಿಕ್ ಕಾರ್ಡಿಗೆ ₹199. ಅದರ ಮೇಲೆ 18% ಜಿಎಸ್‌ಟಿ, ಒಟ್ಟು ₹234.82. ಮತ್ತೆ ಹುಡುಗ ತನ್ನ ಫೋಟೋ ಹಾಕಿದ ಕಾರ್ಡ್ ಬೇಕು ಅಂತ ಇನ್ನಷ್ಟು ಕೊಟ್ಟ. ಮೂರು ತಿಂಗಳಿಗೆ ಬೇಜಾರಾಗಿ ಬಿಟ್ಟ. ಈಗ ಅದರಲ್ಲಿ ₹46 ಉಂಟಂತೆ, ತೆಗೀಲಿಕ್ಕೆ ಆಗುದಿಲ್ಲ.

ಸಾಫ್ಟ್‌ವೇರ್_ಸೀನ
ತೆಗೆಯೋಕೆ ಆಗದೇ ಇರೋದು ಕೆವೈಸಿ, ಅಂದ್ರೆ ಗುರುತಿನ ಪರಿಶೀಲನೆಯ ದರ್ಜೆಯಿಂದ. ಇದನ್ನ ಒಂಚೂರು ಬಿಡಿಸಿ ಹೇಳ್ತೀನಿ, ಇಲ್ಲೇ ಎಲ್ಲರೂ ಎಡವೋದು.

ಬರೀ ಮೊಬೈಲ್ ಓಟಿಪಿ, ಹೆಸರು, ಒಂದು ಗುರುತಿನ ಚೀಟಿ ನಂಬರ್ ಕೊಟ್ಟು ಮಾಡ್ಸಿದ್ದು ಸಣ್ಣ ಪಿಪಿಐ. ಯಾವಾಗಲೂ ಅದರಲ್ಲಿ ₹10,000ಕ್ಕಿಂತ ಜಾಸ್ತಿ ಇರೋ ಹಾಗಿಲ್ಲ, ತಿಂಗಳಿಗೆ ತುಂಬೋದೂ ₹10,000, ವರ್ಷಕ್ಕೆ ₹1,20,000. ಸಾಮಾನು ಕೊಳ್ಳಬಹುದು, ಸೇವೆಗೆ ಕೊಡಬಹುದು. ನಗದು ತೆಗೆಯೋ ಹಾಗಿಲ್ಲ, ಇನ್ನೊಬ್ಬರಿಗೆ ಕಳಿಸೋ ಹಾಗಿಲ್ಲ. ಪೂರ್ತಿ ಕೆವೈಸಿ ಮಾಡ್ಸಿದ್ರೆ ಮಿತಿ ₹2 ಲಕ್ಷಕ್ಕೆ ಏರುತ್ತೆ, ಹಣ ಕಳಿಸಬಹುದು, ನಗದೂ ತೆಗೀಬಹುದು. ಆದ್ರೆ ಬ್ಯಾಂಕಲ್ಲದ ಕಂಪನಿಯ ಕಾರ್ಡಾದ್ರೆ ನಗದು ಒಂದು ಸಲಕ್ಕೆ ₹2,000, ತಿಂಗಳಿಗೆ ₹10,000 ಅಷ್ಟೇ. ಗಿಫ್ಟ್ ಕಾರ್ಡಲ್ಲಿ ನಗದು ತೆಗೆಯೋದು, ಹಣ ಕಳಿಸೋದು, ಮತ್ತೆ ತುಂಬೋದು ಯಾವುದೂ ಇಲ್ಲ, ಒಂದ್ಸಲ ತುಂಬಿದ್ದು ಖಾಲಿ ಆದ್ರೆ ಕಥೆ ಮುಗೀತು.

ನಿಮ್ಮ ಅಕ್ಕನ ಮಗನ ₹46 ಬೇಕೇ ಬೇಕು ಅಂದ್ರೆ ಖಾತೆ ಮುಚ್ಚಿ ಅಂತ ಅರ್ಜಿ ಹಾಕಿ. ಮುಚ್ಚೋವಾಗ ಬಾಕಿ ಹಣ ಬ್ಯಾಂಕ್ ಖಾತೆಗೆ ಹಾಕಿ ಕೊಡ್ಬೇಕು ಅಂತ ನಿಯಮ ಇದೆ. ವರ್ಷ ಪೂರ್ತಿ ಮುಟ್ಟದೇ ಇದ್ರೆ ನಿಷ್ಕ್ರಿಯ ಮಾಡ್ತಾರೆ, ಮತ್ತೆ ಎಬ್ಬಿಸೋಕೆ ಪರಿಶೀಲನೆ ಕೇಳ್ತಾರೆ.

ಕುಡ್ಲದ_ಕಡಲು
₹46ಕ್ಕೆ ಅಷ್ಟು ಅರ್ಜಿ ಹಾಕಿದ್ರೆ ಅಕ್ಕ ನನ್ನನ್ನೇ ಮನೆಯಿಂದ ಮುಚ್ತಾಳೆ.

ನ್ಯೂಜೆರ್ಸಿ_ನಂಜುಂಡ
ಇಲ್ಲಿ ಅಮೆರಿಕದಲ್ಲಿ ಇದು ಬೇರೆಯೇ ಲೋಕ. ಔಷಧಿ ಅಂಗಡಿ ಗಲ್ಲಾದ ಪಕ್ಕ ಚ್ಯೂಯಿಂಗ್ ಗಮ್ ಥರ ನೇತು ಹಾಕಿರ್ತಾರೆ. ಬ್ಯಾಂಕ್ ಖಾತೆ ಇಲ್ಲದವರ ಸಂಬಳವೇ ಪ್ರೀಪೇಯ್ಡ್ ಕಾರ್ಡಿಗೆ ಬೀಳೋದುಂಟು. ತಿಂಗಳ ಬಾಡಿಗೆ, ಎಟಿಎಂ ಶುಲ್ಕ, ಕೆಲವದರಲ್ಲಿ ನಗದು ತುಂಬೋಕೂ ಶುಲ್ಕ. 2019ರ ಏಪ್ರಿಲ್ 1ರಿಂದ ಒಂದು ನಿಯಮ ಬಂದು ಮುಖ್ಯ ಶುಲ್ಕಗಳನ್ನ ಪೊಟ್ಟಣದ ಮೇಲೇ ಸಣ್ಣ ಪಟ್ಟಿಯಲ್ಲಿ ಕಾಣೋ ಹಾಗೆ ಹಾಕ್ಬೇಕು ಅಂತಾಯ್ತು.

ನಾನು ಓದೋಕೆ ಬಂದ ಮೊದಲ ವಾರ ಇದನ್ನೇ ತಗೊಂಡಿದ್ದೆ. ಕಾರ್ಡಲ್ಲಿ 40 ಡಾಲರ್ ಇತ್ತು. ಸ್ನೇಹಿತನ ಕಾರಿಗೆ 20 ಡಾಲರ್ ಪೆಟ್ರೋಲ್ ಹಾಕೋಣ ಅಂತ ಪಂಪಲ್ಲಿ ಕಾರ್ಡ್ ತೂರಿಸಿದ್ರೆ ಆಗ್ಲಿಲ್ಲ. ಅದು ಎಷ್ಟು ತುಂಬ್ತೀಯೋ ಗೊತ್ತಿಲ್ಲ ಅಂತ ಮೊದಲೇ ದೊಡ್ಡ ಮೊತ್ತ ತಡೆ ಹಿಡಿಯೋಕೆ ನೋಡುತ್ತೆ, ಅಷ್ಟು ಕಾರ್ಡಲ್ಲಿ ಇರ್ಲಿಲ್ಲ. ಒಳಗೆ ಹೋಗಿ ಗಲ್ಲಾದವನ ಹತ್ರ 20 ಡಾಲರಿಗೆ ಅಂತ ಹೇಳಿ ಕೊಡ್ಬೇಕು. ಹೋಟೆಲ್ ರೂಮು, ಬಾಡಿಗೆ ಕಾರು, ಎಲ್ಲಾ ಕಡೆ ಇದೇ ರಗಳೆ.

ಧಾರವಾಡ_ಫೇಡೆ
ಅಮೇರಿಕಾದ ಪೆಟ್ರೋಲ್ ಪಂಪ್ ಅರಸೀಕೆರಿ ಹುಡುಗಗ ಏನ್ ಉಪಯೋಗ ಆಕ್ಕೈತ್ರಿ?

ನ್ಯೂಜೆರ್ಸಿ_ನಂಜುಂಡ
ಪಿಯು ಮುಗಿಸಿ ಇಲ್ಲಿಗೇ ಬರ್ತಾನೆ, ನೋಡ್ತಾ ಇರಿ.

ಬೀದರ್_ಬಿದ್ರಿ
ವಿದೇಶದ ಮಾತು ಬಂದದ್ದಕ್ಕ ಹೇಳ್ತೀನ್ರಿ. ಪ್ರೀಪೇಯ್ಡ್ ಕಾರ್ಡ್ ನಿಜಕ್ಕೂ ಕೆಲಸಕ್ಕ ಬಂದದ್ದು ನಮಗ ಫಾರೆಕ್ಸ್ ಕಾರ್ಡ್. ಮಗಳು ಜರ್ಮನಿಗಿ ಹೋಗುವಾಗ ಯೂರೋ ತುಂಬಿಸಿ ಕೊಟ್ವಿ. ತುಂಬಿದ ದಿನದ ರೇಟಿಗೇ ಯೂರೋ ಕೂತಿರ್ತದ, ಆಮ್ಯಾಲ ರೂಪಾಯಿ ಬಿದ್ರೂ ಚಿಂತಿ ಇಲ್ಲ. ಇಲ್ಲಿನ ಡೆಬಿಟ್, ಕ್ರೆಡಿಟ್ ಕಾರ್ಡ್ ಉಜ್ಜಿದ್ರ ಭಾಳಷ್ಟು ಬ್ಯಾಂಕಿನವ್ರು 3.5% ತನಕ ಮಾರ್ಕಪ್ ಅಂತ ಹೆಚ್ಚಿಗಿ ಶುಲ್ಕ ಹಾಕಿ, ಅದ್ರ ಮ್ಯಾಲ ಜಿಎಸ್‌ಟಿ ಹಾಕ್ತಾರ.

ಎರಡು ತಪ್ಪು ಮಾಡಿದ್ಳು ಅಕಿ. ಯೂರೋ ಕಾರ್ಡ್ ಹಿಡ್ಕೊಂಡು ಸ್ವಿಟ್ಜರ್‌ಲ್ಯಾಂಡಿಗಿ ಹೋಗಿ ಫ್ರಾಂಕಿನ್ಯಾಗ ಉಜ್ಜಿದ್ಳು, ಅದಕ್ಕ ಬ್ಯಾರೆ ಶುಲ್ಕ ಬಿತ್ತು. ಇನ್ನೊಂದು, ಅಂಗಡಿ ಮಷಿನ್ "ರೂಪಾಯಿಯಾಗ ಕೊಡ್ತಿಯೇನು, ಯೂರೋದಾಗ ಕೊಡ್ತಿಯೇನು" ಅಂತ ಕೇಳ್ತದ. ಊರಿನ ರೂಪಾಯಿ ಅಂತ ಪ್ರೀತಿಯಿಂದ ಅದನ್ನೇ ಒತ್ತಿದ್ಳು. ಹಂಗ ಒತ್ತಬಾರದು, ಅಲ್ಲಿ ಯಾವ ನಾಣ್ಯ ನಡೀತದೋ ಅದನ್ನೇ ಒತ್ತಬೇಕು. ರೂಪಾಯಿ ಒತ್ತಿದ್ರ ಅವ್ರು ಹೇಳಿದ ರೇಟೇ ರೇಟು.

ಮಲ್ಲಿಗೆ_ಮೊಗ್ಗು
ನನ್ನದೊಂದು ಉಪಪ್ರಶ್ನೆ. ಅಮ್ಮ ಊರಲ್ಲಿ ಒಬ್ಬರೇ, ಚಿಕ್ಕಮಗಳೂರು ಹತ್ರ. ಫೋನ್ ಇದೆ, ಆದ್ರೆ ಯುಪಿಐ ಅಂದ್ರೆ ಹೆದರ್ತಾರೆ. ಗೃಹಲಕ್ಷ್ಮಿ ದುಡ್ಡು ಬರೋ ಖಾತೆ ಒಂದಿದೆ, ಅದನ್ನ ಮುಟ್ಟೋಕೇ ಬಿಡಲ್ಲ, "ಅದು ನನ್ನದು" ಅಂತಾರೆ 😄 ಔಷಧಿ ಅಂಗಡಿಗೆ ನಾನೇ ದುಡ್ಡು ತುಂಬೋ ಹಾಗೆ ಪ್ರೀಪೇಯ್ಡ್ ಕಾರ್ಡ್ ಕೊಡ್ಸಲಾ?

ಸಾಫ್ಟ್‌ವೇರ್_ಸೀನ
ನಿಮಗೆ ಯುಪಿಐ ಸರ್ಕಲ್ ಸರಿ ಹೋಗಬಹುದು. ನಿಮ್ಮ ಖಾತೆಯಿಂದ ಅಮ್ಮ ಪಾವತಿ ಮಾಡೋ ಹಾಗೆ ಸೇರಿಸ್ಬಹುದು. ಎರಡು ಥರ ಇದೆ. ಒಂದರಲ್ಲಿ ಅಮ್ಮ ಸ್ಕ್ಯಾನ್ ಮಾಡಿದ್ರೆ ನಿಮ್ಮ ಫೋನಿಗೆ ಕೇಳುತ್ತೆ, ನೀವು ಪಿನ್ ಹಾಕಿದ್ರೆ ಹೋಗುತ್ತೆ. ಇನ್ನೊಂದರಲ್ಲಿ ತಿಂಗಳಿಗೆ ₹15,000 ಒಳಗೆ ನೀವು ಇಟ್ಟ ಮಿತಿ ತನಕ ಅವರೇ ಕೊಡ್ತಾರೆ, ಒಂದು ಸಲಕ್ಕೆ ₹5,000 ದಾಟೋ ಹಾಗಿಲ್ಲ. ಅಮ್ಮನ ಖಾತೆಗೆ ಕೈ ಹಾಕೋ ಮಾತೇ ಇಲ್ಲ.

ಮಲ್ಲಿಗೆ_ಮೊಗ್ಗು
ಮೊದಲನೇದು ಬೇಡ. ನಾನು ಮೀಟಿಂಗಲ್ಲಿ ಇರ್ತೀನಿ, ಅಮ್ಮ ಔಷಧಿ ಅಂಗಡಿ ಮುಂದೆ ನಿಂತ್ಕೊಂಡು ಇಡೀ ಊರಿಗೆ ಕೇಳೋ ಹಾಗೆ ಬೈತಾರೆ. ಎರಡನೇದು ನೋಡ್ತೀನಿ, ಥ್ಯಾಂಕ್ಸ್.

ಮೆಟ್ರೊ_ಮಂಜ
ಮಧ್ಯದಲ್ಲಿ ತೂರಿದ್ದಕ್ಕೆ ಕ್ಷಮೆ. ಮೆಟ್ರೊದಲ್ಲಿ ಓಡಾಡೋಕೆ ಬಳಸೋ ಎನ್‌ಸಿಎಂಸಿ ಕಾರ್ಡೂ ಪ್ರೀಪೇಯ್ಡ್ ಲೆಕ್ಕವೇ ತಾನೇ? ಮೊದಲ ದಿನ ಫೋನಲ್ಲಿ ₹500 ತುಂಬಿ ಸೀದಾ ಗೇಟಿಗೆ ಹೋಗಿ ಟಪ್ ಅಂತ ಇಟ್ಟೆ. ಬಾಗಿಲು ತೆರೀಲೇ ಇಲ್ಲ. ಹಿಂದೆ ಇಪ್ಪತ್ತು ಜನ "ಸರೀರೀ ಪಕ್ಕಕ್ಕೆ". ಆಮೇಲೆ ಗೊತ್ತಾಯ್ತು, ಫೋನಲ್ಲಿ ತುಂಬಿದ್ದು ಆನ್‌ಲೈನ್ ಪೆಟ್ಟಿಗೆಯಲ್ಲಿ ಇರುತ್ತೆ, ಅದನ್ನ ಸ್ಟೇಷನ್ ಕೌಂಟರಲ್ಲೋ ಮೆಷಿನಲ್ಲೋ ಕಾರ್ಡಿನ ಚಿಪ್ಪಿಗೆ ಇಳಿಸ್ಕೋಬೇಕು. ನನ್ನದೇ ದಡ್ಡತನ.

ನಿವೃತ್ತ_ಕ್ಯಾಷಿಯರ್
ಹೌದು, ಅದೂ ಅದೇ ಜಾತಿ. ಚಿಪ್ಪಿನಲ್ಲಿ ಇರುವುದು ಜೇಬಿನ ನೋಟಿನ ಹಾಗೆ, ಕಾರ್ಡ್ ಕಳೆದರೆ ಹಣವೂ ಹೋಯಿತು. ಅದರಲ್ಲಿ ದೊಡ್ಡ ಮೊತ್ತ ಇಡಬೇಡಿ.

ಕಾರ್ಡ್ ಕಳೆದರೆ ಗತಿ ಏನು ಎಂದು ತೆಂಗಿನವರು ಮೊದಲೇ ಕೇಳಿದ್ದರು, ಉತ್ತರ ಹಾಗೇ ಉಳಿದಿದೆ. ಡೆಬಿಟ್ ಆಗಲಿ, ಮಾಮೂಲಿ ಪ್ರೀಪೇಯ್ಡ್ ಆಗಲಿ, ಮೊದಲ ಕೆಲಸ ಬ್ಲಾಕ್ ಮಾಡಿಸುವುದು. ನಿಮ್ಮ ತಪ್ಪೂ ಇಲ್ಲದೆ ಕಂಪನಿಯ ತಪ್ಪೂ ಇಲ್ಲದೆ ನಡುವೆ ಯಾರೋ ಹಣ ಎಗರಿಸಿದ್ದರೆ, 3 ದಿನದೊಳಗೆ ತಿಳಿಸಿದರೆ ನಷ್ಟ ನಿಮ್ಮದಲ್ಲ. ಪ್ರೀಪೇಯ್ಡ್‌ನಲ್ಲಿ 4ರಿಂದ 7 ದಿನವಾದರೆ ಒಂದು ವಹಿವಾಟಿಗೆ ಹೆಚ್ಚೆಂದರೆ ₹10,000 ನಿಮ್ಮ ತಲೆಗೆ. ಆದರೆ ಪಿನ್ ಬರೆದು ಕಾರ್ಡಿನ ಕವರಿನಲ್ಲೇ ಇಟ್ಟಿದ್ದರೆ ಅದು ನಿಮ್ಮದೇ ತಪ್ಪು, ತಿಳಿಸುವ ತನಕ ಹೋದದ್ದೆಲ್ಲ ಹೋದ ಹಾಗೆ. ದೂರು ಕೊಟ್ಟು 30 ದಿನವಾದರೂ ಪರಿಹಾರ ಸಿಗದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ (ಗ್ರಾಹಕರ ದೂರು ವಿಚಾರಿಸುವ ಅಧಿಕಾರಿ) ಬರೆಯಬಹುದು, ಫೋನ್ 14448. ಅದಕ್ಕೆ ಶುಲ್ಕವಿಲ್ಲ.

ಹುಡುಗನಿಗೆ ಪಿನ್ ಬಾಯಿಪಾಠ ಮಾಡಿಸಿ. ಜಾಮಿಟ್ರಿ ಬಾಕ್ಸಿನ ಮುಚ್ಚಳದೊಳಗೆ ಬರೆದಿಟ್ಟಾನು.

ಜಯನಗರ_4ನೇ_ಬ್ಲಾಕ್
ಒಪ್ಕೊಂಡೆ, ಫೋನಿಲ್ಲದ ಹಾಸ್ಟೆಲಿಗೆ ನಾನು ಹೇಳಿದ್ದು ಸರಿ ಹೋಗಲ್ಲ. ನನ್ನ ಮಗಳು ಮನೇಲಿರ್ತಾಳೆ, ಕೈಯಲ್ಲಿ ಫೋನಿದೆ, ನನಗೆ ಅದು ಸರಿಯಾಗೇ ಇದೆ. ಎಲ್ಲರೂ ಸೇರಿ ಪ್ರೀಪೇಯ್ಡ್ ಅಂದ್ರೆ ಪಾಪ ಅನ್ನೋ ಥರ ಮಾಡ್ಬೇಡಿ.

ಅರಸೀಕೆರೆ_ತೆಂಗು
ಮೂರು ವಾರ ಆಯ್ತು, ಏನಾಯ್ತು ಅಂತ ಹೇಳ್ಬೇಕಲ್ಲ.

ವಾರ್ಡನ್‌ಗೆ ಫೋನ್ ಮಾಡಿ ಕೇಳಿದೆ. ಕ್ಯಾಂಟೀನಲ್ಲಿ ಮೆಷಿನ್ ಇಲ್ಲ, ಗಲ್ಲಾದ ಮೇಲೆ ಕ್ಯೂಆರ್, ಅದು ನೋಡೋಕೆ ಬರೋ ಅಪ್ಪ ಅಮ್ಮಂದಿರಿಗೆ. ಮಕ್ಕಳದ್ದು ನಗದು. ರೂಮಿನ ಹುಡುಗನ ಕಪ್ಪು ಕಾರ್ಡ್ ಏನಾಯ್ತು ಅಂತ ಕೇಳಿದೆ. ಅದನ್ನ ಅವನು ಕೇರಂ ಬೋರ್ಡಲ್ಲಿ ಪೌಡರ್ ಹರಡೋಕೆ ಬಳಸ್ತಾನಂತೆ.

ಆದ್ರೂ ಮನೆಯವರ ಮಾತಿನಂತೆ ಖಾತೆ ಮಾಡ್ಸಿದೆ. ಎರಡು ಸಲ ಓಡಾಟ ಆಯ್ತು, ಮೊದಲ ದಿನ ನಿಜಕ್ಕೂ ಮೇಡಂ ರಜೆ. ಆಧಾರ್, ಮಾರ್ಕ್ಸ್ ಕಾರ್ಡ್, ಎರಡು ಫೋಟೋ, ಅವನ ಸಹಿ ಮೂರು ಕಡೆ. ಮೂರೂ ಸಹಿ ಮೂರು ಥರ ಇತ್ತು, ಮತ್ತೆ ಹಾಕ್ಸಿದ್ರು. ಮೊಬೈಲ್ ನಂಬರ್ ನಂದು ಕೊಟ್ಟಿದ್ದೀನಿ. ಕಾರ್ಡ್ ಪೋಸ್ಟಲ್ಲಿ ಬಂತು, ಟ್ಯಾಪ್ ಆನ್ ಮಾಡಿಲ್ಲ, ದಿನಕ್ಕೆ ₹500. ಭಾನುವಾರ ಹೊರಗೆ ಬಿಟ್ಟಾಗ ಪೇಟೆಯ ಎಟಿಎಮ್ಮಿಂದ ತೆಗ್ದು ವಾರ್ಡನ್ ಕೈಗೆ ಕೊಡ್ತಾನೆ. ಅವರು ಹೆಸರು ಬರೆದ ಕವರಲ್ಲಿಟ್ಟು ವಾರಕ್ಕೆ ₹200 ಕೊಡ್ತಾರೆ. ಈ ಕವರ್ ವ್ಯವಸ್ಥೆ ಮೊದಲಿಂದಲೂ ಇತ್ತಂತೆ, ಸೇರಿಸಿದ ದಿನ ಹೇಳಿದ್ರಂತೆ, ನಾನೇ ಕೇಳಿಸ್ಕೊಂಡಿಲ್ಲ.

ತುಂಟ_ತಿಮ್ಮ
ಎಲ್ಲಾ ಸರಿ, ಆ ₹1,200 ಸಿಕ್ತಾ?

ಅರಸೀಕೆರೆ_ತೆಂಗು
ಖಾತೆಗೆ ಸಹಿ ಹಾಕೋಕೆ ಊರಿಗೆ ಬಂದಿದ್ನಲ್ಲ, ಬ್ಯಾಂಕಿನ ಬೆಂಚ್ ಮೇಲೆ ಕೂತಿದ್ದಾಗ ತಾನೇ ಬಾಯಿ ಬಿಟ್ಟ. ಎಗ್ ಪಫ್ಸ್.

ಧಾರವಾಡ_ಫೇಡೆ
₹1,200ಕ್ಕ?!

ಅರಸೀಕೆರೆ_ತೆಂಗು
"ಫ್ರೆಂಡ್ಸ್‌ದೂ ಸೇರಿ" ಅಂತೆ.